ಓರೆಯಕ್ಷರ ಸಂಪಾದನೆಯಲ್ಲ

ಹಳಗನ್ನಡ ಕೃತಿಗಳನ್ನು ಜಾಲಪುಟಗಳಿಗೆ ಏರಿಸುವ ಉತ್ಸಾಹ ಸ್ತುತ್ಯರ್ಹವೇ. ಆದರೆ ಆ ಪುಟಗಳು ಹಲವು ವೇಳೆ ಗ್ರಂಥನಾಮ, ಪ್ರಾಕೃತ ಗಾಹೆ, ಒತ್ತಿ ಹೇಳಿದ ಮಾತು, ಸಂಪಾದಕರು ಊಹಿಸಿ ತುಂಬಿದ ಅಕ್ಷರ, ಈ ನಾಲ್ಕನ್ನೂ ಒಂದೇ ಓರೆಯಕ್ಷರಕ್ಕೆ ಒಪ್ಪಿಸಿ ಕೈತೊಳೆದುಕೊಳ್ಳುತ್ತವೆ. ಕನ್ನಡ ಲಿಪಿಗೆ ಓರೆಬರಹದ ಪರಂಪರೆಯೂ ಇಲ್ಲ. ಫಾಂಟಿನಲ್ಲಿ ಓರೆ ರೂಪವಿಲ್ಲದಾಗ ಬ್ರೌಸರು ನೆಟ್ಟಗಿನ ಅಕ್ಷರವನ್ನೇ ವಾಲಿಸಿ ತೋರಿಸುತ್ತದೆ, ಅಷ್ಟೆ.

ವಡ್ಡಾರಾಧನೆಯ 19 ಕಥೆಗಳು ಪ್ರಾಕೃತ ಗಾಹೆಗಳಿಂದ ತೊಡಗುತ್ತವೆ. ನಡುವೆ ಸಂಸ್ಕೃತ ಶ್ಲೋಕಗಳೂ ಬರುತ್ತವೆ. ಮುದ್ರಣದಲ್ಲಿ ಎಲ್ಲಕ್ಕೂ ಕನ್ನಡ ಲಿಪಿಯೇ. ಲಿಪಿಯನ್ನು ನೋಡಿ ಭಾಷೆಯನ್ನು ನಿರ್ಣಯಿಸುವ ಯಂತ್ರ ಇಲ್ಲಿ ಎಡವುವುದು ಖಚಿತ. ಪಠ್ಯದೊಳಗೇ 'ಲ್ಯಾಂಗ್' ಎಂಬ ಭಾಷಾಸೂಚಕದಿಂದ ಗಾಹೆಯನ್ನು ಪ್ರಾಕೃತವೆಂದು ಗುರುತಿಸದಿದ್ದರೆ, ಪದಪ್ರಯೋಗಗಳನ್ನು ಎಣಿಸುವ ಸಂಶೋಧಕನ ಪಟ್ಟಿಯಲ್ಲಿ ಪ್ರಾಕೃತ ರೂಪಗಳು ಕನ್ನಡ ಶಬ್ದಗಳಾಗಿ ಕುಳಿತುಬಿಡುತ್ತವೆ.

ಗ್ರಂಥನಾಮದ ಪಾಡೂ ಇದೇ. ಎಚ್‌ಟಿಎಂಎಲ್‌ನಲ್ಲಿ ಕೃತಿಯ ಹೆಸರಿಗೆ 'ಸೈಟ್', ಒತ್ತಿಗೆ 'ಇಎಂ' ಎಂಬ ಬೇರೆಬೇರೆ ಗುರುತುಗಳಿವೆ. ಆದರೂ ಆದಿಪುರಾಣವೆಂದರೆ ಜಿನಸೇನರ ಸಂಸ್ಕೃತ ಕೃತಿಯೋ, 941ರಲ್ಲಿ ಪಂಪ ರಚಿಸಿದ ಕನ್ನಡ ಕಾವ್ಯವೋ ಎಂಬುದನ್ನು 'ಸೈಟ್' ಒಂದೇ ಹೇಳಲಾರದು. ಟಿಇಐ ಪದ್ಧತಿಯಲ್ಲಿ ಶೀರ್ಷಿಕೆಯ ಗುರುತಿಗೇ ಇಂಥದೇ ಕೃತಿಯೆಂಬ ನಿರ್ದೇಶನವನ್ನು ಜೋಡಿಸಬಹುದು.

'ಓದುಗನ ಕಣ್ಣಿಗೆ ಎಲ್ಲವೂ ಒಂದೇ, ಈ ಗುರುತುಗಳು ಯಾರಿಗೆ ಬೇಕು?' ಎಂಬ ವಾದ ಆಗಾಗ ಕೇಳಿಬರುತ್ತದೆ. ಕಣ್ಣಿಗೆ ಒಂದೇ ಆಗಿ ಕಾಣುವುದೇ ಇಲ್ಲಿನ ದೋಷ! ಗ್ರೀಕ್ ಮತ್ತು ಲ್ಯಾಟಿನ್ ಪಠ್ಯಗಳ ಸಂಪಾದಕರು 1931ರಲ್ಲಿ ಲೈಡನ್ನಿನಲ್ಲಿ ಒಪ್ಪಿಕೊಂಡ ಪದ್ಧತಿಯಂತೆ, ನಷ್ಟವಾದ ಅಕ್ಷರವನ್ನು ತುಂಬಿದರೆ ಚೌಕ ಆವರಣ, ಸಂಕ್ಷೇಪವನ್ನು ಬಿಡಿಸಿ ಬರೆದರೆ ದುಂಡಾವರಣ. ಟಿಇಐನಲ್ಲಿ ತುಂಬಿದ್ದಕ್ಕೆ 'ಸಪ್ಲೈಡ್', ಅಸ್ಪಷ್ಟವಾದುದಕ್ಕೆ 'ಅನ್‌ಕ್ಲಿಯರ್', ಓದಲಾಗದೆ ಬಿಟ್ಟ ಸ್ಥಳಕ್ಕೆ 'ಗ್ಯಾಪ್' ಎಂಬ ಗುರುತುಗಳಿವೆ. ಶಾಸನಪಾಠಗಳಿಗೆಂದೇ ಅದನ್ನು ಅಳವಡಿಸಿಕೊಂಡ ಎಪಿಡಾಕ್ ಕೂಡ ಇದೆ. ಸಾಧನ ಸಿದ್ಧವಿರುವಾಗ ಸೋಮಾರಿತನವನ್ನು ಸರಳತೆಯೆಂದು ಕರೆಯುವುದು ಸಲ್ಲದು.

ಪ್ರತಿ ಪದಕ್ಕೂ ಚೀಟಿ ಅಂಟಿಸುವ ಚಟವೂ ಬೇಡ. ಸಂಪಾದಕ ಯಾವುದಕ್ಕೆ ಉತ್ತರದಾಯಿಯೋ ಅಷ್ಟನ್ನು ಗುರುತಿಸಿದರೆ ಸಾಕು. ಅಷ್ಟೂ ಇಲ್ಲದಾಗ ಒಬ್ಬರ ಊಹೆ ಗುರುತು ಕಳಚಿಕೊಂಡು ಜಾಲಕ್ಕೆ ಏರುತ್ತದೆ. ಮುಂದಿನ ಪ್ರಬಂಧದಲ್ಲಿ ಅದೇ ತಾಳೆಗರಿಯ ಮೂಲಪಾಠವೆಂದು ಉದ್ಧೃತವಾಗುತ್ತದೆ.