ಜನಪ್ರಿಯತೆಯ ರ‍್ಯಾಂಕ್ ಎಣಿಸುವುದು ಏನನ್ನು? ರಷ್ಯಾದ ಆಟಗಾರ ಚೆರಿಶೆವ್ ಹೇಳುವ ಪಾಠ

"ರಷ್ಯಾದ ಅತಿ ಜನಪ್ರಿಯ ಫುಟ್‌ಬಾಲ್ ಆಟಗಾರರು", "ಈ ದಿನ ಹುಟ್ಟಿದವರಲ್ಲಿ ನಂಬರ್ 1" – ಇಂಥ ಪಟ್ಟಿಗಳನ್ನು ನೀವೂ ನೋಡಿರುತ್ತೀರಿ. ಹೆಸರಿನ ಪಕ್ಕದಲ್ಲಿ ಒಂದು ಸಂಖ್ಯೆ ಇದ್ದರೆ ಸಾಕು, ಯಾರೋ ಸರಿಯಾಗಿ ಲೆಕ್ಕ ಹಾಕಿದ್ದಾರೆ ಎಂದು ನಂಬಿಬಿಡುತ್ತೇವೆ. ಆ ಲೆಕ್ಕದಲ್ಲಿ ಏನಿರುತ್ತದೆ? ಡೆನಿಸ್ ಚೆರಿಶೆವ್ ಎಂಬ ಆಟಗಾರನ ಮೂಲಕ ನೋಡೋಣ.

ಹೊಗಳಿಕೆಯೂ ಒಂದೇ, ನಗೆಪಾಟಲೂ ಒಂದೇ

2015ರ ಡಿಸೆಂಬರ್ 2ರಂದು ಸ್ಪೇನ್‌ನ ಕೋಪಾ ಡೆಲ್ ರೇ ಟೂರ್ನಿಯಲ್ಲಿ ಚೆರಿಶೆವ್ ರಿಯಲ್ ಮ್ಯಾಡ್ರಿಡ್ ಪರ ಆಡಿ ಗೋಲು ಹೊಡೆದರು. ಆದರೆ ಆ ಪಂದ್ಯಕ್ಕೆ ಅವರ ಮೇಲೆ ನಿಷೇಧವಿತ್ತು. ಅವರನ್ನು ಕಣಕ್ಕಿಳಿಸಿದ ತಪ್ಪಿಗೆ ತಂಡವೇ ಟೂರ್ನಿಯಿಂದ ಹೊರಬಿತ್ತು. ಸುದ್ದಿ ಎಲ್ಲೆಡೆ ಹರಡಿತು.

2018ರ ಜೂನ್ 14ರಂದು ವಿಶ್ವಕಪ್‌ನ ಮೊದಲ ಪಂದ್ಯದಲ್ಲಿ ಬದಲಿ ಆಟಗಾರನಾಗಿ ಬಂದು ಸೌದಿ ಅರೇಬಿಯಾ ವಿರುದ್ಧ 2 ಗೋಲು ಹೊಡೆದರು. ಜೂನ್ 25ರಂದು ಉರುಗ್ವೆ ವಿರುದ್ಧ ಚೆಂಡು ಅವರಿಗೆ ತಗುಲಿ ಸ್ವಂತ ಗೋಲಿಗೇ ಹೋಯಿತು. ಟೂರ್ನಿ ಮುಗಿದಾಗ ಅವರ ಹೆಸರಲ್ಲಿ 4 ಗೋಲುಗಳಿದ್ದವು.

ಮೆಚ್ಚಿ ಹುಡುಕಿದವರು, ನಗಲು ಹುಡುಕಿದವರು, ಸುಮ್ಮನೆ ಕುತೂಹಲಕ್ಕೆ ಹುಡುಕಿದವರು – ಎಣಿಸುವ ಯಂತ್ರಕ್ಕೆ ಎಲ್ಲವೂ ಒಂದೊಂದು ಕ್ಲಿಕ್, ಅಷ್ಟೇ.

ಲೆಕ್ಕದಲ್ಲಿ ಯಾರಿಲ್ಲ?

ಇಂಥ ರ‍್ಯಾಂಕ್‌ಗಳು ಸಾಮಾನ್ಯವಾಗಿ ಹುಡುಕಾಟ, ಪುಟ ತೆರೆದವರ ಸಂಖ್ಯೆ ಇಲ್ಲವೇ ಫಾಲೋವರ್‌ಗಳನ್ನು ಆಧರಿಸಿರುತ್ತವೆ. ಗೂಗಲ್ ಟ್ರೆಂಡ್ಸ್‌ನಲ್ಲಿ 100 ಎಂದರೆ ನೂರು ಜನ ಎಂದಲ್ಲ. ನೀವು ಆರಿಸಿದ ಅವಧಿಯಲ್ಲಿ ಆಸಕ್ತಿ ಅತಿ ಹೆಚ್ಚಿದ್ದ ಹೊತ್ತು ಎಂದರ್ಥ. ಇನ್ನು ರಷ್ಯಾದಲ್ಲಿ ಬಹಳಷ್ಟು ಜನ ಬಳಸುವುದು ಯಾಂಡೆಕ್ಸ್ ಮತ್ತು ವಿಕೆ. ಅಲ್ಲಿ 2022ರ ಮಾರ್ಚ್‌ನಿಂದ ಇನ್‌ಸ್ಟಾಗ್ರಾಂ ನಿರ್ಬಂಧಿತ. ಹಾಗಾಗಿ ಗೂಗಲ್, ಇನ್‌ಸ್ಟಾಗ್ರಾಂಗಳನ್ನು ಮಾತ್ರ ನೋಡಿದರೆ ರಷ್ಯಾದ ಆಟಗಾರನ ತವರಿನ ಅಭಿಮಾನಿಗಳೇ ಎಷ್ಟೋ ಮಂದಿ ಲೆಕ್ಕಕ್ಕೆ ಸಿಗುವುದಿಲ್ಲ.

ಲೆವ್ ಯಾಶಿನ್ ಅವರನ್ನೇ ನೋಡಿ. 1963ರಲ್ಲಿ ಬ್ಯಾಲನ್ ಡಿ'ಓರ್ ಪಡೆದರು. ಈ ಗೌರವ ಪಡೆದ ಏಕೈಕ ಗೋಲ್‌ಕೀಪರ್ ಅವರು. 1990ರಲ್ಲಿ ತೀರಿಕೊಂಡ ಅವರಿಗೆ ಇನ್‌ಸ್ಟಾಗ್ರಾಂ ಖಾತೆ ಎಲ್ಲಿಂದ ಬರಬೇಕು? ಫಾಲೋವರ್ ಲೆಕ್ಕದ ಪಟ್ಟಿಯಲ್ಲಿ ಅವರಿಗೆ ಜಾಗವೇ ಇಲ್ಲ.

ನಮ್ಮ ಕ್ಲಿಕ್ಕೂ ಸೇರುತ್ತದೆ

ತನ್ನದೇ ಪುಟಕ್ಕೆ ಬಂದವರನ್ನು ಎಣಿಸಿ ರ‍್ಯಾಂಕ್ ಕೊಡುವ ತಾಣವಾದರೆ, ನಾವು ಪಟ್ಟಿ ಹಂಚಿದಷ್ಟೂ ಆ ರ‍್ಯಾಂಕ್ ಏರುತ್ತದೆ. ಜನಪ್ರಿಯ ಎಂದು ಹಂಚುತ್ತೇವೆ, ಹಂಚಿದ್ದರಿಂದಲೇ ಅದು ಜನಪ್ರಿಯವಾಗುತ್ತದೆ.

ಆಟಗಾರನ ವಿಷಯದಲ್ಲಿ ಮೋಸಹೋದರೆ ದೊಡ್ಡ ನಷ್ಟವಿಲ್ಲ. ಆದರೆ "10 ಲಕ್ಷ ಜನ ನೋಡಿದ್ದಾರೆ" ಎಂಬ ಒಂದೇ ಕಾರಣಕ್ಕೆ ಸಕ್ಕರೆ ಕಾಯಿಲೆಯ ಮಾತ್ರೆ ಬಿಟ್ಟು ವಿಡಿಯೋದ ಮನೆಮದ್ದು ನಂಬಿದರೆ ಜೀವಕ್ಕೇ ಅಪಾಯ. ನೋಡಿದವರ ಸಂಖ್ಯೆ ಮದ್ದಿನ ಗುಣವನ್ನು ಹೇಳುವುದಿಲ್ಲ.

ಮುಂದಿನ ಸಲ ಫಾರ್ವರ್ಡ್ ಮಾಡುವ ಮೊದಲು ಮೂರು ಪ್ರಶ್ನೆ ಕೇಳಿ: ಎಣಿಸಿದ್ದು ಏನನ್ನು? ಯಾವಾಗ? ಯಾರ ನಡುವೆ? ಉತ್ತರ ಸಿಗದಿದ್ದರೆ ಆ ಸಂಖ್ಯೆಯನ್ನು ಮುಂದೆ ಕಳಿಸಬೇಡಿ.