ವಚನ ಭಾಷಾಂತರದ ಒಂದು ವಿವಾದ

ಭಾಷಾಂತರವೆಂದರೆ ಒಂದು ನುಡಿಯ ಅರ್ಥವನ್ನು ಇನ್ನೊಂದು ನುಡಿಗೆ ಸಾಗಿಸುವ ಕೆಲಸವೆಂದು ನಾವು ತಿಳಿದಿದ್ದೇವೆ. ಹಾಗೆ ಸಾಗಿಸಲು ಸ್ಥಿರವಾದ ಅರ್ಥವೆಂಬುದು ಮೂಲದಲ್ಲಾದರೂ ಇರುವುದೇ ಎಂದು ಫ್ರಾನ್ಸಿನ ಡೆರಿಡಾ ಮೊದಲಾದ ರಚನೋತ್ತರವಾದಿಗಳು ಕೇಳಿದರು. ಅನುವಾದ ಮೂಲಕ್ಕೆ ಋಣಿಯಾಗಿರುವಂತೆ ಮೂಲವೂ ಅನುವಾದಕ್ಕೆ ಋಣಿ ಎಂಬುದು ಡೆರಿಡಾರ ವಾದ. ದೂರದ ತತ್ತ್ವಚರ್ಚೆಯೆಂದು ಮಿತ್ರರು ಪುಟ ಮಗುಚಬಾರದು. ಇದರ ಕಿಡಿ ನಮ್ಮ ವಚನಗಳ ಮೇಲೆಯೇ ಬಿದ್ದಿದೆ.

ಮೈಸೂರಿನಲ್ಲಿ ಹುಟ್ಟಿದ ಎ. ಕೆ. ರಾಮಾನುಜನ್ ಅವರು ೧೯೭೩ರಲ್ಲಿ ‘ಸ್ಪೀಕಿಂಗ್ ಆಫ್ ಶಿವ’ ಎಂಬ ಹೆಸರಿನಿಂದ ಬಸವಣ್ಣ, ದಾಸಿಮಯ್ಯ, ಅಕ್ಕಮಹಾದೇವಿ, ಅಲ್ಲಮರ ವಚನಗಳನ್ನು ಇಂಗ್ಲಿಷಿಗೆ ತಂದರು. ತೇಜಸ್ವಿನಿ ನಿರಂಜನ ಅವರು ೧೯೯೨ರ ‘ಸೈಟಿಂಗ್ ಟ್ರಾನ್ಸ್‌ಲೇಷನ್’ ಗ್ರಂಥದಲ್ಲಿ ಬೆಂಜಮಿನ್, ಡೆರಿಡಾರ ವಿಚಾರಗಳನ್ನು ಹಿಡಿದು ಈ ಅನುವಾದವನ್ನು ಪರೀಕ್ಷಿಸಿದರು. ಅಲ್ಲಮನ ಒಂದು ವಚನದ ಕೊನೆಯಲ್ಲಿ ಬರುವ ‘ಜ್ಯೋತಿರ್ಲಿಂಗ’ ಇಂಗ್ಲಿಷಿನಲ್ಲಿ ಬರಿಯ ‘ಬೆಳಕು’ ಆಗಿತ್ತು. ‘ಗುಹೇಶ್ವರ’ನು ‘ಗುಹೆಗಳ ಒಡೆಯ’ನಾಗಿದ್ದನು. ಪಾಶ್ಚಾತ್ಯ ಓದುಗನಿಗೆ ಪರಿಚಿತವಾದ ಭಕ್ತಿಕಾವ್ಯದ ಅಚ್ಚಿಗೆ ವಚನವನ್ನು ಹೊಯ್ದಂತಾಯಿತೆಂಬುದು ಅವರ ಆಕ್ಷೇಪ. ತಾವೇ ಅದನ್ನು ಮತ್ತೆ ಅನುವಾದಿಸಿ ಲಿಂಗವನ್ನೂ ಗುಹೇಶ್ವರನನ್ನೂ ಹಾಗೆಯೇ ಉಳಿಸಿದರು. ರಾಮಾನುಜನ್ನರಿಗೂ ಭಾಷಾಂತರದ ಬಗೆಗೆ ಸ್ವಂತವಾದ, ಸೂಕ್ಷ್ಮವಾದ ವಿಚಾರವಿತ್ತೆಂದು ವಿನಯ್ ಧಾರವಾಡ್ಕರ್ ಅವರು ೧೯೯೯ರಲ್ಲಿ ದೀರ್ಘ ಲೇಖನ ಬರೆದು ಅವರ ಪರ ವಾದಿಸಿದರು.

ಲಿಂಗದ ವಿಷಯದಲ್ಲಿ ಆಕ್ಷೇಪ ಸರಿಯೆಂದೇ ನನ್ನ ಅಭಿಪ್ರಾಯ. ಅಂಗೈಯಲ್ಲಿ ಇಷ್ಟಲಿಂಗವನ್ನಿಟ್ಟು ಪೂಜಿಸುವವರ ನುಡಿಯಿಂದ ಲಿಂಗವನ್ನು ತೆಗೆದರೆ ಉಳಿಯುವ ಬೆಳಕು ಯಾವ ಮತದ್ದಾದರೂ ಆದೀತು. ಅಂಕಿತದ ಮಾತು ಬೇರೆ. ಕೂಡಲಸಂಗಮವು ಕೃಷ್ಣಾ ಮಲಪ್ರಭೆಗಳು ಕೂಡುವ ಸ್ಥಳ. ಕೇಳಿ ಕೇಳಿ ನಮ್ಮ ಕಿವಿಗೆ ಅದು ಬರಿಯ ಹೆಸರಾಗಿಬಿಟ್ಟಿದೆ. ರಾಮಾನುಜನ್ನರು ಅದನ್ನು ‘ಕೂಡುವ ಹೊಳೆಗಳ ಒಡೆಯ’ ಎಂದು ಇಂಗ್ಲಿಷಿಗೆ ತಂದಾಗ ಹೆಸರಿನೊಳಗೆ ನಿಂತಿದ್ದ ನೀರು ಮತ್ತೆ ಹರಿಯುತ್ತದೆ. ಮೂಲವು ಅನುವಾದದಿಂದ ಹೊಸ ಬಾಳು ಪಡೆಯುವುದೆಂದು ೧೯೨೩ರಲ್ಲಿ ಬೆಂಜಮಿನ್ ಹೇಳಿದ್ದು ಇಂಥದನ್ನೇ ಅಲ್ಲವೆ? ಅವರ ವಿಚಾರವನ್ನು ಹಿಡಿದವರು ಇದನ್ನು ಮೆಚ್ಚಬೇಕಿತ್ತು! ಹೆಸರನ್ನು ಹಾಗೆಯೇ ಇಟ್ಟ ಮಾತ್ರಕ್ಕೆ ಮೂಲನಿಷ್ಠೆ ಬಾರದು. ಕನ್ನಡವರಿಯದವನಿಗೆ ಅದು ಒಂದು ಸದ್ದು ಮಾತ್ರ.

ಈ ಇಬ್ಬರು ವಿದ್ವಾಂಸರೂ ಬರೆದದ್ದು ಇಂಗ್ಲಿಷಿನಲ್ಲಿ. ವಚನವನ್ನು ಚಿಕ್ಕಂದಿನಿಂದ ಬಾಯಿಪಾಠ ಮಾಡಿದ ನಾವು ಈ ವಿವಾದದಲ್ಲಿ ಬಾಯಿ ತೆರೆಯಬಾರದೆಂದು ಯಾರೂ ವಿಧಿಸಿಲ್ಲ. ನಮ್ಮ ಕಾಲೇಜಿನ ಕನ್ನಡ ಸಂಘವೂ ಇಂಗ್ಲಿಷ್ ಸಂಘವೂ ಬೇರೆ ಬೇರೆ ಕೊಠಡಿಗಳಲ್ಲಿ ಸಭೆ ಸೇರುತ್ತವೆ. ಬರುವ ವರ್ಷ ಒಂದು ಸಂಜೆಯಾದರೂ ಅಲ್ಲಮನ ಆ ವಚನವನ್ನೂ ಎರಡು ಅನುವಾದಗಳನ್ನೂ ಮುಂದಿಟ್ಟುಕೊಂಡು ಒಂದೇ ಕೊಠಡಿಯಲ್ಲಿ ಕೂರಲಿ ಎಂದು ಎರಡೂ ಸಂಘಗಳ ಕಾರ್ಯದರ್ಶಿಗಳನ್ನು ಬೇಡುತ್ತೇನೆ.