ಅಟ್ಟದ ಮೇಲಿನ ಕಂಪ್ಯೂಟರ್: ಗುಜರಿಗೆ ಹಾಕುವ ಮುನ್ನ

ಪ್ರತಿ ವರ್ಷ ಆಯುಧಪೂಜೆಯ ದಿನ ನಮ್ಮ ಅಂಗಡಿ, ಮಂಡಿ, ಗಿರಣಿಗಳಲ್ಲಿ ತಕ್ಕಡಿಗೆ, ಯಂತ್ರಗಳಿಗೆ ಪೂಜೆ ಸಲ್ಲಿಸುವಂತೆಯೇ ಕಂಪ್ಯೂಟರಿಗೂ ಅರಿಶಿನ ಕುಂಕುಮವಿಟ್ಟು ಹೂವು ಏರಿಸುತ್ತೇವೆ. ಅದೇ ಕಂಪ್ಯೂಟರ್ ಹಳೆಯದಾದೊಡನೆ ಅಟ್ಟ ಸೇರುತ್ತದೆ. ಕೆಲವು ವರ್ಷಗಳ ನಂತರ ತೂಕದ ಲೆಕ್ಕದಲ್ಲಿ ಗುಜರಿಯವರ ಪಾಲಾಗುತ್ತದೆ. ಈ ರೂಢಿಯನ್ನು ವರ್ತಕ ಬಾಂಧವರು ಪುನರ್ವಿಮರ್ಶಿಸಬೇಕೆಂಬುದೇ ಈ ಲೇಖನದ ಉದ್ದೇಶ.

ನನ್ನ ಸ್ವಂತ ಅನುಭವವನ್ನೇ ಹೇಳುತ್ತೇನೆ. ನಮ್ಮ ತಂದೆಯವರು 1960ರ ದಶಕದಲ್ಲಿ ಬರೆದ ಕಿರ್ದಿ, ಖಾತೆ ಪುಸ್ತಕಗಳು ಇಂದಿಗೂ ಮನೆಯ ಪೆಟ್ಟಿಗೆಯಲ್ಲಿವೆ. ಯಾವ ಊರಿನ ರೈತರಿಂದ ಎಷ್ಟು ಚೀಲ ಶೇಂಗಾ ಬಂದಿತು, ಯಾವ ದರಕ್ಕೆ ಹೋಯಿತು ಎಂಬುದೆಲ್ಲವನ್ನೂ ಓದಬಹುದು. ಆದರೆ 1993ರಿಂದ 1999ರವರೆಗೆ ನಾನು ಕಂಪ್ಯೂಟರಿನಲ್ಲಿ ಬರೆಸಿದ ಲೆಕ್ಕಗಳಲ್ಲಿ ಒಂದು ಸಾಲನ್ನೂ ಇಂದು ಓದಲಾಗದು. ಫ್ಲಾಪಿಗಳು ಇವೆ, ಅವುಗಳನ್ನು ಓದಬಲ್ಲ ಯಂತ್ರವನ್ನು ನಾನೇ ಗುಜರಿಗೆ ಕೊಟ್ಟುಬಿಟ್ಟಿದ್ದೆ. ಹಿಂದಿನ ಪಾಲುದಾರರೊಬ್ಬರ ಮಕ್ಕಳು ಹಳೆಯ ಬಾಕಿಯ ವಿವರ ಕೇಳಿ ಬಂದಾಗ, ತಂದೆಯವರ ಕಾಲದ್ದನ್ನು ತೋರಿಸಿದೆ. ನನ್ನ ಕಾಲದ್ದನ್ನು ತೋರಿಸಲಾಗದೆ ತಲೆತಗ್ಗಿಸಬೇಕಾಯಿತು.

ಇಂತಹ ಯಂತ್ರಗಳನ್ನು ಪ್ರೀತಿಯಿಂದ ಉಳಿಸಿಕೊಂಡಿರುವ ಹವ್ಯಾಸಿಗಳು ಅನೇಕ ದೇಶಗಳಲ್ಲಿದ್ದಾರೆ. 1982ರಲ್ಲಿ ಬ್ರಿಟನ್ನಿನಲ್ಲಿ ಬಂದ ಸಿಂಕ್ಲೇರ್ ಸ್ಪೆಕ್ಟ್ರಮ್ ಎಂಬ ಗೃಹ ಕಂಪ್ಯೂಟರಿನ ಸ್ಮರಣಶಕ್ತಿ 16 ಅಥವಾ 48 ಕಿಲೋಬೈಟ್ ಮಾತ್ರ. ಅದರ ಕಾರ್ಯಕ್ರಮಗಳು ಹಾಡಿನ ಕ್ಯಾಸೆಟ್ಟಿನಂಥ ಟೇಪಿನಲ್ಲಿರುತ್ತಿದ್ದವು. ಹವ್ಯಾಸಿಗಳು ಆ ಟೇಪುಗಳನ್ನು ಇಂದಿನ ಕಡತಗಳಿಗೆ ನಕಲು ಮಾಡಿ, ಕೆಟ್ಟ ಬಿಡಿಭಾಗಗಳನ್ನು ಬದಲಿಸಿ, ಯಂತ್ರಗಳನ್ನು ಚಾಲನೆಯಲ್ಲಿಟ್ಟಿದ್ದಾರೆ. ಬ್ರಿಟನ್ನಿನ ಏಕಾರ್ನ್ ಸಂಸ್ಥೆಯ ಬಿಬಿಸಿ ಮೈಕ್ರೋ ನಮ್ಮ ದೇಶಕ್ಕೂ ಬಂದಿತ್ತು. ಕೇಂದ್ರ ಸರ್ಕಾರ 1984-85ರಲ್ಲಿ ಆರಂಭಿಸಿದ ಶಾಲಾ ಕಂಪ್ಯೂಟರ್ ಸಾಕ್ಷರತಾ ಯೋಜನೆಯಲ್ಲಿ ಮಕ್ಕಳು ಕಲಿತದ್ದು ಅದರ ಮೇಲೆಯೇ. ಅದೇ ಸಂಸ್ಥೆಯಲ್ಲಿ 1985ರಲ್ಲಿ ರೂಪುಗೊಂಡ ಆರ್ಮ್ ಎಂಬ ಚಿಪ್ ವಿನ್ಯಾಸದ ಪೀಳಿಗೆಯೇ ಇಂದು ನಮ್ಮ ಜೇಬಿನ ಮೊಬೈಲುಗಳಲ್ಲಿ ಕೆಲಸ ಮಾಡುತ್ತಿದೆ. ಆಟಿಕೆಯೆಂದು ಕಡೆಗಣಿಸಿದ ವಸ್ತುವಿನಿಂದ ಎಂತಹ ಉದ್ಯಮ ಬೆಳೆಯಬಲ್ಲದು ಎಂಬುದಕ್ಕೆ ಇದೇ ನಿದರ್ಶನ.

ವ್ಯಾಪಾರಿಗಳಿಗೂ ಕಂಪ್ಯೂಟರ್ ಇತಿಹಾಸಕ್ಕೂ ಏನು ಸಂಬಂಧ ಎಂದು ಕೆಲವರು ಕೇಳಬಹುದು. ವ್ಯಾಪಾರದ ಲೆಕ್ಕಕ್ಕಾಗಿ ದಿನನಿತ್ಯ ದುಡಿದ ಮೊದಲ ಕಂಪ್ಯೂಟರನ್ನು ಕಟ್ಟಿದ್ದು ವಿಜ್ಞಾನ ಸಂಸ್ಥೆಯಲ್ಲ. ಚಹಾ ಅಂಗಡಿ ಮತ್ತು ಬೇಕರಿಗಳನ್ನು ನಡೆಸುತ್ತಿದ್ದ ಬ್ರಿಟನ್ನಿನ ಲಯನ್ಸ್ ಕಂಪನಿ. ಲಿಯೋ ಎಂಬ ಆ ಯಂತ್ರ 1951ರಲ್ಲಿ ಬೇಕರಿಯ ಲೆಕ್ಕವನ್ನು ಮಾಡತೊಡಗಿತು. ಅದರ ಹಿಂದಿನ ನೌಕರರು ಸಂಘ ಕಟ್ಟಿಕೊಂಡು, ಕೇಂಬ್ರಿಜ್‌ನ ಕಂಪ್ಯೂಟಿಂಗ್ ಇತಿಹಾಸ ಕೇಂದ್ರದೊಡನೆ ಸೇರಿ, ಅದರ ಕಾಗದಪತ್ರಗಳನ್ನೂ ನೆನಪುಗಳನ್ನೂ ಸಂಗ್ರಹಿಸಿದ್ದಾರೆ. ನಮ್ಮ ರಾಜ್ಯದ ಉದಾಹರಣೆಯಂತೂ ಎಲ್ಲರಿಗೂ ಪರಿಚಿತ. ಉದ್ಯಮಿ ಶ್ಯಾಮ್ ಸುಂದರ್ ಗೋಯೆಂಕಾ ಅವರಿಗೆ ತಮ್ಮ ವ್ಯವಹಾರಕ್ಕೆ ಒಪ್ಪುವ ಲೆಕ್ಕದ ತಂತ್ರಾಂಶ ದೊರೆಯದಿದ್ದಾಗ, ಮಗ ಭರತ್ ಗೋಯೆಂಕಾ ಅವರು ಅದನ್ನು ತಾವೇ ಬರೆದರು. 1986ರಲ್ಲಿ ಬೆಂಗಳೂರಿನಲ್ಲಿ ಪ್ಯೂಟ್ರಾನಿಕ್ಸ್ ಹೆಸರಿನಲ್ಲಿ ಆರಂಭವಾದ ಆ ಉದ್ಯಮವೇ ಇಂದಿನ ಟ್ಯಾಲಿ. 2020ರಲ್ಲಿ ಭರತ್ ಗೋಯೆಂಕಾ ಅವರಿಗೆ ಪದ್ಮಶ್ರೀ ಸಂದಿತು. ಆ ತಂತ್ರಾಂಶದ ಡಾಸ್ ಕಾಲದ ಆವೃತ್ತಿಗಳಲ್ಲಿ ಬರೆದ ಲೆಕ್ಕಗಳು ನಮ್ಮ ಜಿಲ್ಲೆಯ ಎಷ್ಟು ಅಟ್ಟಗಳ ಮೇಲೆ ಧೂಳು ತಿನ್ನುತ್ತಿವೆಯೋ!

ಜಿ.ಎಸ್.ಟಿ. ಕಾಯ್ದೆಯ ಪ್ರಕಾರ ವಾರ್ಷಿಕ ರಿಟರ್ನ್ ಸಲ್ಲಿಸುವ ಗಡುವಿನಿಂದ 72 ತಿಂಗಳು ಲೆಕ್ಕಪತ್ರಗಳನ್ನು ಇಟ್ಟುಕೊಂಡರೆ ಸಾಕು. ಕಾನೂನಿಗೆ ಅಷ್ಟು ಸಾಕಾದರೂ ಇತಿಹಾಸಕ್ಕೆ ಸಾಲದು. ಚಂದ್ರವಳ್ಳಿಯ ಉತ್ಖನನದಲ್ಲಿ ರೋಮನ್ ನಾಣ್ಯಗಳು ದೊರೆತ ಕಾರಣದಿಂದಲೇ, ಸುಮಾರು 2000 ವರ್ಷಗಳ ಹಿಂದೆ ದೂರದೇಶದ ವ್ಯಾಪಾರದ ಹಣ ಈ ನೆಲಕ್ಕೂ ತಲುಪಿತ್ತೆಂದು ನಾವು ಹೆಮ್ಮೆಯಿಂದ ಹೇಳುತ್ತೇವೆ. ಆದರೆ 2005ರಲ್ಲಿ ವ್ಯಾಟ್ ಬರುವುದಕ್ಕೂ ಹಿಂದಿನ ದಶಕದಲ್ಲಿ ಹೊಸದುರ್ಗದ ಕೊಬ್ಬರಿ, ಹೊಳಲ್ಕೆರೆಯ ಅಡಿಕೆ, ಹಿರಿಯೂರಿನ ಶೇಂಗಾ, ಚಿತ್ರದುರ್ಗದ ಹತ್ತಿ ನಮ್ಮ ಅಂಗಡಿಗಳಲ್ಲಿ ಹೇಗೆ ಕೈ ಬದಲಿಸಿದವು ಎಂಬುದನ್ನು ಮೊಮ್ಮಕ್ಕಳಿಗೆ ತೋರಿಸಲು ಸಾಕ್ಷಿ ಉಳಿಯದಂತೆ ಮಾಡುತ್ತಿದ್ದೇವೆ.

ಕಾಲಾವಕಾಶವೂ ಹೆಚ್ಚಿಲ್ಲ. ಫ್ಲಾಪಿಯ ಕಾಂತೀಯ ಲೇಪನ ವರ್ಷದಿಂದ ವರ್ಷಕ್ಕೆ ಕ್ಷೀಣಿಸುತ್ತದೆ, ತೇವಕ್ಕೆ ಬೂಸ್ಟು ಹಿಡಿಯುತ್ತದೆ. 3.5 ಇಂಚಿನ ಫ್ಲಾಪಿಯನ್ನು ಯು.ಎಸ್.ಬಿ. ಡ್ರೈವಿನಿಂದ ಓದಬಹುದು, 5.25 ಇಂಚಿನದಕ್ಕೆ ಹಳೆಯ ಡ್ರೈವೇ ಬೇಕು. ಆದುದರಿಂದ ಅಟ್ಟದ ಮೇಲಿರುವುದು ಬರೀ ತಗಡಲ್ಲ, ಅದು ನಮ್ಮ ಲೆಕ್ಕದ ಪೆಟ್ಟಿಗೆಯ ಬೀಗದಕೈ. ಅನೇಕ ವರ್ಷ ನಿಂತ ಯಂತ್ರಕ್ಕೆ ಒಮ್ಮೆಲೇ ವಿದ್ಯುತ್ ಕೊಡುವುದು ತರವಲ್ಲ. ಹಳೆಯ ಬೋರ್ಡುಗಳ ಮೇಲಿನ ಬ್ಯಾಟರಿ ಸೋರಿ ತಾಮ್ರದ ಗೆರೆಗಳನ್ನು ತಿನ್ನುವುದುಂಟು, ಮೊದಲು ಅದನ್ನು ಬಲ್ಲವರಿಂದ ತೆಗೆಸಬೇಕು. ಒಮ್ಮೆ ಕಡತ ಕೈಗೆ ಬಂದರೆ, ಡಾಸ್‌ಬಾಕ್ಸ್ ಎಂಬ ಉಚಿತ ತಂತ್ರಾಂಶದಿಂದ ಡಾಸ್ ಕಾರ್ಯಕ್ರಮಗಳನ್ನು ಇಂದಿನ ಕಂಪ್ಯೂಟರಿನಲ್ಲಿಯೇ ನಡೆಸಬಹುದು. ಹಳೆಯ ಕನ್ನಡ ಪತ್ರಗಳ ತೊಡಕು ಬೇರೆ: ಯೂನಿಕೋಡ್ ಬಳಕೆಗೆ ಮುಂಚಿನ ಫಾಂಟುಗಳಲ್ಲಿ ಬೆರಳಚ್ಚಿಸಿದವು, ಆಯಾ ಫಾಂಟ್ ಇಲ್ಲದಿದ್ದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತವೆ. ಅವುಗಳನ್ನು ಯೂನಿಕೋಡಿಗೆ ಪರಿವರ್ತಿಸಿಡಬೇಕು.

ಜಾಗಕ್ಕೆ ಬಾಡಿಗೆಯಿದೆ, ಹಳೆಯದನ್ನೆಲ್ಲ ಕಟ್ಟಿಕೊಂಡು ಕೂರಲಾದೀತೇ ಎಂಬ ಆಕ್ಷೇಪ ನ್ಯಾಯವಾದುದೇ. ಎಲ್ಲವನ್ನೂ ಎಲ್ಲರೂ ಇಡಬೇಕಾಗಿಲ್ಲ. ನಮ್ಮ ಸಂಸ್ಥೆಯ ಕಟ್ಟಡದಲ್ಲಿ ಒಂದು ಬೀರು, ಒಂದು ಮೇಜು ಮೀಸಲಿರಲಿ. ನಾಲ್ಕೂ ಊರುಗಳ ಸದಸ್ಯರಿಂದ ಚಾಲನೆಗೆ ಯೋಗ್ಯವಾದ ನಾಲ್ಕಾರು ಯಂತ್ರಗಳನ್ನು ಪಡೆದು, ಜಿಲ್ಲೆಯ ಇಂಜಿನಿಯರಿಂಗ್ ಹಾಗೂ ಪಾಲಿಟೆಕ್ನಿಕ್ ವಿದ್ಯಾರ್ಥಿಗಳ ನೆರವಿನಿಂದ ದುರಸ್ತಿ ಮಾಡಿಸೋಣ. ಸದಸ್ಯರು ತಮ್ಮ ಫ್ಲಾಪಿಗಳನ್ನು ತಂದು, ತಮ್ಮ ಕಣ್ಣೆದುರೇ ನಕಲು ಮಾಡಿಸಿಕೊಂಡು ಹೋಗಲಿ. ಲೆಕ್ಕದ ಗೋಪ್ಯ ಲೆಕ್ಕದವರ ಬಳಿಯೇ ಉಳಿಯಲಿ. ನಿಜವಾಗಿಯೂ ನಿರುಪಯುಕ್ತವಾದುದನ್ನು, 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳಂತೆ, ನೋಂದಾಯಿತ ಮರುಬಳಕೆ ಘಟಕಗಳಿಗೇ ತಲುಪಿಸೋಣ.

ಮುಂದಿನ ಆಯುಧಪೂಜೆಗೆ ಅಂಗಡಿ ತೊಳೆಯುವಾಗ ಸದಸ್ಯರು ಒಮ್ಮೆ ಅಟ್ಟ ಹತ್ತಿ ನೋಡಬೇಕು. ಗುಜರಿಯವರನ್ನು ಕರೆಯುವ ಮೊದಲು ಫ್ಲಾಪಿಗಳ ಡಬ್ಬಿಯನ್ನು ಎತ್ತಿಟ್ಟು, ಸಂಸ್ಥೆಯ ಕಚೇರಿಗೆ ಒಂದು ಮಾತು ತಿಳಿಸಬೇಕು ಎಂದು ವಿನಂತಿಸುತ್ತೇನೆ. ನನಗೆ ಆ ಬುದ್ಧಿ ತಡವಾಗಿ ಬಂದಿತು, ತಮಗೆ ಹಾಗಾಗದಿರಲಿ.